'ಸತ್ತಂ' ಎಂಬ ಪದದ ಹಿಂದುಮುಂದು: ವೀರಗಲ್ಲಿನಿಂದ ಗದಾಯುದ್ಧಕ್ಕೆ

ಊರಬಾಗಿಲಲ್ಲೋ, ಕೆರೆಯ ಏರಿಯ ಮೇಲೋ, ಈಶ್ವರನ ಗುಡಿಯ ಗೋಡೆಗೆ ಒರಗಿಯೋ ನಿಂತ ವೀರಗಲ್ಲನ್ನು ನೋಡುವಾಗ ಹೆಚ್ಚಿನವರು ಮಾಡುವ ಮೊದಲ ತಪ್ಪು ಮೇಲಿನಿಂದ ಓದುವುದು. ಪುಸ್ತಕ ಓದಿ ಬಂದ ಅಭ್ಯಾಸ ಅದು. ಮೇಲೆ ಲಿಂಗ, ಪಕ್ಕದಲ್ಲಿ ಬಸವ, ಎದುರಿಗೆ ಕೈಮುಗಿದು ಕುಳಿತ ಒಬ್ಬ. ಇದಿಷ್ಟು ಕಂಡರೆ 'ಯಾವುದೋ ದೇವರ ಕಲ್ಲು' ಎಂದುಕೊಂಡು ಮುಂದೆ ನಡೆದುಬಿಡುತ್ತಾರೆ. ವೀರಗಲ್ಲಿನ ಕಥೆ ನಡೆಯುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಅಂಕಣದಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನ ತೋಳು ಹಿಡಿದೋ, ವಿಮಾನದಲ್ಲಿ ಕೂರಿಸಿಯೋ ಮೇಲಕ್ಕೆ ಒಯ್ಯುತ್ತಾರೆ. ಚಾಮರ ಬೀಸುವವರು, ವಾದ್ಯ ನುಡಿಸುವವರು ಜೊತೆಗಿರುವುದೂ ಉಂಟು. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿದ್ದಾನೆ. ಎಲ್ಲಕ್ಕೂ ಮೇಲೆ ಸೂರ್ಯ, ಚಂದ್ರ.

ಈ ಮೂರು ಅಂಕಣಗಳ ಕ್ರಮದಲ್ಲಿ ಒಂದು ವಿಷಯ ಗಮನಿಸಬೇಕು. ಸಾವು ಅಲ್ಲಿ ಕೊನೆಯಲ್ಲ, ನಡುವೆ ಬರುತ್ತದೆ. ಬಹಳಷ್ಟು ಕಲ್ಲುಗಳಲ್ಲಿ ಸಾವಿನ ಕ್ಷಣವನ್ನು ಕೆತ್ತಿರುವುದೇ ಇಲ್ಲ. ಕೆಳಗೆ ಅವನು ಇರಿಯುತ್ತಿದ್ದಾನೆ, ನಡುವೆ ಏರುತ್ತಿದ್ದಾನೆ. ಬಿದ್ದದ್ದು ಎರಡು ಅಂಕಣಗಳ ನಡುವಿನ ಪಟ್ಟಿಯಲ್ಲಿ ಆಗಿಹೋಗಿದೆ. ಆ ಪಟ್ಟಿಯಲ್ಲೇ ಬರಹವಿರುತ್ತದೆ. ಚಿತ್ರ ಬಿಟ್ಟ ಮಾತನ್ನು ಅಕ್ಷರ ಹೇಳುತ್ತದೆ: 'ಕಾದಿ ಸತ್ತಂ'.

ಪಂಪ, ರನ್ನರನ್ನು ಓದುವ ಮೊದಲು ಹತ್ತು ವೀರಗಲ್ಲುಗಳನ್ನಾದರೂ ಸರಿಯಾಗಿ ಓದಬೇಕು ಎಂಬುದು ಈ ಬರಹದ ವಾದ. ಅವರ ಕಾವ್ಯವನ್ನು ಕೇಳಿದ ಮಂದಿ ದಿನವೂ ಈ ಕಲ್ಲುಗಳ ಮುಂದೆಯೇ ಓಡಾಡುತ್ತಿದ್ದರು. ವೀರನ ಸಾವು ಎಂದರೆ ಏನೇನನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಅವರು ಕಲಿತದ್ದು ಕಲ್ಲಿನಿಂದ. ಕವಿಗಳಿಗೂ ಅದು ಗೊತ್ತಿತ್ತು.

ಕಲ್ಲಿನ ಮುಂದೆ ನಿಂತಾಗ ಮಾಡಬೇಕಾದ ಕೆಲಸಗಳನ್ನು ಹೇಳುತ್ತೇನೆ. ನಡು ಮಧ್ಯಾಹ್ನ ಹೋಗಬೇಡಿ. ಬಿಸಿಲು ನೇರ ಬಿದ್ದರೆ ತಗ್ಗು ಉಬ್ಬು ಒಂದೇ ಆಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ತಾಗಿಸಿ ಪಕ್ಕದಿಂದ ಹಾಯಿಸಿದರೆ ಇನ್ನೂ ಒಳ್ಳೆಯದು. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಬೆಳಕು ಬಿಟ್ಟು ನಾಲ್ಕು ಫೋಟೊ ತೆಗೆಯಿರಿ. ಒಂದರಲ್ಲಿ ಮಾಯವಾದ ಗೀಟು ಇನ್ನೊಂದರಲ್ಲಿ ಮೂಡುತ್ತದೆ. ಅಡ್ಡಗೀಟುಗಳಿಗೆ ಮೇಲಿನ ಬೆಳಕು, ಉದ್ದಗೀಟುಗಳಿಗೆ ಪಕ್ಕದ ಬೆಳಕು ಬೇಕಾಗುವುದರಿಂದ ಒಂದೇ ಫೋಟೊ ನಂಬಿ ಓದಿದವರು ಒತ್ತು, ದೀರ್ಘ, ಸೊನ್ನೆಗಳಲ್ಲಿ ಎಡವುತ್ತಾರೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತೀಡುವುದು, ಹಿಟ್ಟು ಸವರುವುದು ಬೇಡ. ನಿಮ್ಮ ಕಣ್ಣಿಗೆ ಅಕ್ಷರವೆನಿಸಿದ ಬಿರುಕಿನೊಳಗೂ ಸುಣ್ಣ ಕೂತು, ಮುಂದೆ ಬರುವವನು ನಿಮ್ಮ ತಪ್ಪನ್ನೇ ಓದುತ್ತಾನೆ. ನೀರು ಚಿಮುಕಿಸಿ ನಾರಿನ ಮೆದು ಬ್ರಷ್‌ನಿಂದ ಧೂಳು ತೆಗೆದರೆ ಸಾಕು.

ಬರಹ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಚಿತ್ರದ ನಿಯಮ ಅನ್ವಯಿಸುವುದಿಲ್ಲ. ಹಳೆಯ ಗಂಗರ ಕಾಲದ ಕಲ್ಲುಗಳಲ್ಲಿ ಚಿತ್ರ ಒಂದೇ ಅಂಕಣದಲ್ಲಿದ್ದು ಬರಹ ಅದರ ಮೇಲೆ, ಸುತ್ತ ಹರಿದಿರಬಹುದು. ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಕಾಲಕ್ಕೆ ಬಂದರೆ ಅಂಕಣ ಮೂರೋ ಹೆಚ್ಚೋ ಆಗಿ ಬರಹ ಪಟ್ಟಿಗಳಿಗೆ ಇಳಿಯುತ್ತದೆ. 'ಸ್ವಸ್ತಿ' ಎಂಬ ಎರಡಕ್ಷರ ಎಲ್ಲಿದೆ ಎಂದು ಹುಡುಕಿ ಅಲ್ಲಿಂದ ಹೊರಡುವುದು ಸುಲಭ ದಾರಿ.

ಒಕ್ಕಣೆ ಬಹುಮಟ್ಟಿಗೆ ಒಂದೇ ಅಚ್ಚಿನದು. ಯಾವ ಶಕವರ್ಷ, ಯಾವ ಸಂವತ್ಸರ, ಯಾರು ಆಳುತ್ತಿದ್ದರು, ಯಾವ ಊರು, ಏನಾಯಿತು, ಯಾರ ಮಗ, ಯಾರ ಆಳು, ಯಾರ ಮಾತಿಗೆ ಹೋದ, ಎಷ್ಟು ಜನರನ್ನು ಇರಿದ, ಸತ್ತ, ಕಲ್ಲು ನಿಲ್ಲಿಸಿದವರು ಯಾರು, ಮನೆಯವರಿಗೆ ಕೊಟ್ಟದ್ದೇನು, ಅದನ್ನು ಅಳುಪಿದವನಿಗೆ, ಎಂದರೆ ಕೆಡಿಸಿದವನಿಗೆ, ಯಾವ ಪಾಪ. ಎಲ್ಲ ಕಲ್ಲಿನಲ್ಲೂ ಎಲ್ಲವೂ ಇರುವುದಿಲ್ಲ. ಆದರೆ ಈ ಮನೆಗಳು ಮನಸ್ಸಿನಲ್ಲಿದ್ದರೆ ಒಡೆದ ಸಾಲಿನಲ್ಲೂ ಯಾವುದು ಕಳೆದಿದೆ ಎಂದು ತಿಳಿಯುತ್ತದೆ.

'ಏನಾಯಿತು' ಎಂಬ ಮನೆಗೆ ಬರುವ ಪದಗಳು ಕೆಲವೇ. ತುರುಗೋಳ್ ಎಂದರೆ ದನ ಹೊಡೆದುಕೊಂಡು ಹೋದದ್ದು. ಅಲ್ಲಿ ಸತ್ತವನಿಗೆ 'ತುರುವಂ ಮಗುೞ್ಚಿ ಸತ್ತಂ', ದನವನ್ನು ಹಿಂದಿರುಗಿಸಿ ಸತ್ತ, ಎಂಬ ಮಾತು. ಊರಳಿವು ಎಂದರೆ ಊರಿಗೆ ಬಿದ್ದ ದಾಳಿ. ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಎದ್ದ ಮೊರೆ. ಹುಲಿಯೊಡನೆ, ಹಂದಿಯೊಡನೆ ಹೋರಾಡಿ ಸತ್ತವರಿಗೂ ಕಲ್ಲುಗಳಿವೆ. 'ಕೊಟ್ಟದ್ದೇನು' ಎಂಬ ಮನೆಯಲ್ಲಿ ಕಲ್ನಾಡು, ನೆತ್ತರುಗೊಡಗೆ, ಬಾಳ್ಗಚ್ಚು ಎಂಬ ಪದಗಳನ್ನು ಹುಡುಕಿ. ಮೊದಲೆರಡೂ ಸತ್ತವನ ಕಡೆಯವರಿಗೆ ಕೊಟ್ಟ ನೆಲ. ಬಾಳ್ಗಚ್ಚು ಎಂದರೆ ಕತ್ತಿ ತೊಳೆದುದಕ್ಕೆ ಕೊಟ್ಟ ದತ್ತಿ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ, ವಿಜಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಕೊಟ್ಟ ಸಂದರ್ಭದಲ್ಲಿ, ಈ ಪದ ಬಂದುಬಿಟ್ಟಿದೆ. ಕನ್ನಡದ ಮೊದಮೊದಲ ಬರಹಗಳಲ್ಲೇ ರಕ್ತಕ್ಕೆ ಕೊಟ್ಟ ಬೆಲೆಯ ಲೆಕ್ಕವಿದೆ.

ನಡುವೆ ಎಲ್ಲೋ ಸಂಸ್ಕೃತದ ಒಂದು ಶ್ಲೋಕ ಎದುರಾದರೆ ಬೆದರಬೇಡಿ. ಹೆಚ್ಚಾಗಿ ಅದು ಇದೇ:

ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ
ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ

ಗೆದ್ದರೆ ಸಿರಿ, ಸತ್ತರೆ ದೇವಕನ್ನಿಕೆ. ಕ್ಷಣದಲ್ಲಿ ಅಳಿಯುವ ಮೈಗೆ ರಣದ ಮರಣದ ಚಿಂತೆ ಏಕೆ? ಹಳ್ಳಿಯ ಕಲ್ಲುಕುಟಿಗ ಇದನ್ನು ಕಿವಿಯಿಂದ ಕಲಿತು ಕೆತ್ತಿದ್ದರಿಂದ ಕಾಗುಣಿತ ಬಗೆಬಗೆಯಾಗಿರುತ್ತದೆ. 'ಜಿತೇನ' ಎಂಬಷ್ಟು ಕಂಡರೂ ಉಳಿದದ್ದನ್ನು ನೀವೇ ತುಂಬಿಕೊಳ್ಳಬಹುದು. ಆದರೆ ಈ ಶ್ಲೋಕ ಅಚ್ಚಿನ ಮಾತು, ಸತ್ತವನ ಮಾತಲ್ಲ. ಅದರ ಮೇಲೆ ನಿಂತು 'ಕನ್ನಡ ವೀರ ಸ್ವರ್ಗದ ಆಸೆಗೆ ಸತ್ತ' ಎಂದು ಬರೆಯುವುದು ಆತುರ. ಹೆಚ್ಚು ತೂಕದ ಮಾತು ಬೇಕಿದ್ದರೆ ಬಾದಾಮಿಯ ಬಂಡೆಯ ಮೇಲೆ, ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದಲ್ಲಿದೆ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎಂಬ ತ್ರಿಪದಿ ಎಲ್ಲರ ಬಾಯಲ್ಲಿದೆ. ಅದೇ ಶಾಸನದ ಶ್ಲೋಕವನ್ನು ನೆನೆಯುವವರು ಕಡಿಮೆ. ತೇಜಸ್ವಿಗೆ ಮಾನ ಮುಕ್ಕಾಗುವುದಕ್ಕಿಂತ ಸಾವು ಮೇಲು, 'ಮೃತ್ಯುಸ್ತತ್ಕ್ಷಣಿಕೋ ದುಃಖಂ ಮಾನಭಂಗಂ ದಿನೇದಿನೇ', ಎನ್ನುತ್ತದೆ ಅದು. ಸಾವಿನ ದುಃಖ ಆ ಕ್ಷಣದ್ದು, ಮಾನಭಂಗದ್ದು ದಿನದಿನವೂ. ಇಲ್ಲಿ ಅಪ್ಸರೆಯ ಮಾತೇ ಇಲ್ಲ. ಪಂಪನ ಕರ್ಣನಿಗೂ ರನ್ನನ ದುರ್ಯೋಧನನಿಗೂ ಹತ್ತಿರವಾದದ್ದು ಈ ಶ್ಲೋಕ.

ಓದುವಾಗ ಕಾಲದ ಸುಳಿವು ಕೊಡುವ ಅಕ್ಷರಗಳಿವೆ. ಈಗ ಬಳಕೆಯಲ್ಲಿಲ್ಲದ ೞ ಮತ್ತು ಱ ಎರಡನ್ನೂ ಮೊದಲು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಹತ್ತನೆಯ ಶತಮಾನದ ಹೊತ್ತಿಗೆ ೞ ಜಾರಿ ಳ ಆಗತೊಡಗುತ್ತದೆ. ಪ ಹೋಗಿ ಹ ಬರತೊಡಗುತ್ತದೆ. 'ಪುಲಿ' ಎಂದಿದ್ದರೆ ಹಳೆಯದು, 'ಹುಲಿ' ಎಂದಿದ್ದರೆ ಈಚಿನದು ಎಂಬ ಅಂದಾಜು ಕೆಲಸಕ್ಕೆ ಬರುತ್ತದೆ. ಆದರೆ ಅಷ್ಟನ್ನೇ ನಂಬಿ ಶತಮಾನ ನಿರ್ಧರಿಸಬೇಡಿ: ಬರೆಸಿದವನಿಗೆ ಹಳೆಯ ರೂಪವೇ ಗಂಭೀರ ಅನ್ನಿಸಿರಬಹುದು, ಒಂದೇ ಕಲ್ಲಿನಲ್ಲಿ ಎರಡೂ ಬೆರೆತಿರುವುದುಂಟು.

ತೇದಿಯ ವಿಷಯದಲ್ಲಿ ಎಡವುವವರು ಇನ್ನೂ ಹೆಚ್ಚು. 'ಶಕವರ್ಷಕ್ಕೆ 78 ಕೂಡಿಸಿ' ಎಂಬ ಸೂತ್ರ ಕಳೆದ ವರ್ಷ ಎಣಿಸಿದಾಗ ಸರಿ. ಶಾಸನ ನಡೆಯುತ್ತಿರುವ ವರ್ಷ ಎಣಿಸಿದ್ದರೆ 77 ಕೂಡಿಸಬೇಕು. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ ಇನ್ನೊಂದು ಸೇರಿಸಬೇಕು. ಯಾವುದು ಸರಿ ಎಂದು ಹೇಳುವುದು ಸಂವತ್ಸರದ ಹೆಸರು. ಕಳೆದ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಕೊನೆಯದಾದ ಅಕ್ಷಯ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಶಾಸನವನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. 872ನ್ನು ಕಳೆದ ವರ್ಷ ಎಂದುಕೊಂಡರೆ 884. ಭಾಗಿಸಿದರೆ ಶೇಷ 44, ಅಂದರೆ ಸಾಧಾರಣ ಸಂವತ್ಸರ. ಹೊಂದುವುದಿಲ್ಲ. 871 ಕಳೆದು 872 ನಡೆಯುತ್ತಿದೆ ಎಂದು ಹಿಡಿದರೆ 883, ಶೇಷ 43, ಸೌಮ್ಯ. ಹಾಗಾಗಿ ಕ್ರಿ.ಶ. 949-50. ಈ ಎರಡು ನಿಮಿಷದ ಲೆಕ್ಕ ಮಾಡದೆ ಎಷ್ಟೋ ಊರ ಕಲ್ಲುಗಳಿಗೆ ಒಂದು ವರ್ಷ ಹೆಚ್ಚೋ ಕಡಿಮೆಯೋ ಅಂಟಿಕೊಂಡಿದೆ.

ಆತಕೂರಿನ ಕಲ್ಲಿನ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ. ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಬೂತುಗನಿಗೆ ಕೊಟ್ಟ (ಅಂಕಿ ಆಗಿನ ನಾಡಿನ ಹೆಸರಿಗೇ ಸೇರಿದ್ದು). ದಕ್ಷಿಣ ಭಾರತದ ಇತಿಹಾಸ ತಿರುಗಿದ ಕಾಳಗ ಅದು. ಆ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಕಾದಿದವನು ಮಣಲೆರ. 'ಮೆಚ್ಚಿದೆ, ಬೇಡಿಕೋ' ಎಂದು ಬೂತುಗ ಹೇಳಿದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕೆೞಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟಾಗ 'ಪಂದಿಯುಂ ನಾಯುಮೊಡಸತ್ತುವು'. ಒಡಸತ್ತುವು, ಒಟ್ಟಿಗೆ ಸತ್ತವು. ಹಂದಿಯೂ ಆ ಪದದಲ್ಲಿ ಪಾಲುದಾರ. ಚೋಳನ ಸಾವು, ನಾಯಿಯ ಸಾವು ಎರಡೂ ಒಂದೇ ಕಲ್ಲಿನಲ್ಲಿ ಇವೆ. ಮೇಲೆ ಕೆತ್ತಿರುವ ಚಿತ್ರ ನಾಯಿ ಹಂದಿಗಳದು, ರಾಜರದಲ್ಲ. ಆತಕೂರಿನ ಚಲ್ಲೇಶ್ವರದ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ನೆಲ ಕೊಟ್ಟರು. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕಲ್ಲು ಕಲಿಸುವುದೇನೆಂದರೆ, ವೀರನ ದೊಡ್ಡತನವನ್ನು ಅಳೆಯುವುದು ಕಾಳಗದ ಗಾತ್ರದಿಂದಲ್ಲ, ಅವನು ತೀರಿಸಿದ ಋಣದಿಂದ. ನಾಯಿ ತನ್ನನ್ನು ಬಿಟ್ಟ ಕೈಗೆ ಎರಡು ಬಗೆಯಲಿಲ್ಲ, ಅಷ್ಟು ಸಾಕು. ಜೋಳವಾಳಿ, ಲೆಂಕವಾಳಿ, ವೇಳೆವಾಳಿ ಎಂಬ ಹಳೆಯ ಪದಗಳೆಲ್ಲ ಇದೇ ಲೆಕ್ಕದವು. ಉಂಡ ಜೋಳದ ಋಣ, ಆಳುತನದ ಋಣ, ಸಮಯಕ್ಕೆ ಕೊಟ್ಟ ಮಾತಿನ ಋಣ.

ಇಲ್ಲಿಂದ ಪಂಪನಿಗೆ ಬನ್ನಿ. ಆತಕೂರಿನ ಕಲ್ಲಿಗೆ ಎಂಟು ವರ್ಷ ಮೊದಲು, 941ರಲ್ಲಿ, ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ 'ವಿಕ್ರಮಾರ್ಜುನ ವಿಜಯ' ಮುಗಿಯಿತು. ಒಂದೇ ಕಾಲ, ಒಂದೇ ರಾಷ್ಟ್ರಕೂಟ ಜಗತ್ತು. ಅರ್ಜುನನನ್ನು ಅರಿಕೇಸರಿಗೆ ಸಮೀಕರಿಸಿ ಬರೆದ ಕಾವ್ಯ ಅದು. ಆದರೂ ಪಂಪ ಓದುಗನನ್ನು 'ಅಣ್ಣ' ಎಂದು ಕರೆದು ಹೇಳುವುದು, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ಒಂದೇ ಚಿತ್ತದಿಂದ ನೆನೆಯುವುದಾದರೆ ಕರ್ಣನನ್ನು ನೆನೆ, ಎಂದು. ಇದನ್ನು ಪಂಪನ ಒಳಗಿನ ಬಂಡಾಯ ಎಂದು ವಿವರಿಸುವವರಿದ್ದಾರೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ವೀರಗಲ್ಲಿನ ಮನೆಗಳನ್ನು ಒಂದೊಂದಾಗಿ ತುಂಬುತ್ತ ಹೋದರೆ ಕುರುಕ್ಷೇತ್ರದಲ್ಲಿ ಎಲ್ಲವೂ ಪೂರ್ತಿ ತುಂಬುವುದು ಕರ್ಣನಿಗೇ.

'ಯಾರ ಮಗ' ಎಂಬ ಮನೆಯಲ್ಲೇ ಪಂಪ ಜಗಳ ತೆಗೆಯುತ್ತಾನೆ. ಭೀಷ್ಮನಿಗೆ ಸೇನಾಧಿಪತ್ಯ ಕಟ್ಟುವ ಸಭೆಯಲ್ಲಿ ಕುಲದ ಮಾತು ಬಂದಾಗ ಕರ್ಣ ದ್ರೋಣನಿಗೆ ಕೊಟ್ಟ ಉತ್ತರ: 'ಕುಲಂ ಕುಲಮಲ್ತು ಚಲಂ ಕುಲಂ ಗುಣಂ ಕುಲಮಭಿಮಾನಮೊಂದೆ ಕುಲಮಣ್ಮು ಕುಲಂ'. ಕುಲ ಕುಲವಲ್ಲ, ಛಲ, ಗುಣ, ಅಭಿಮಾನ, ಪರಾಕ್ರಮ ಇವು ಕುಲ. 'ಯಾರ ಋಣಕ್ಕೆ' ಎಂಬ ಮನೆಯನ್ನು ಪಂಪ ತುಂಬುವ ಬಗೆ ಇನ್ನೂ ಸೂಕ್ಷ್ಮ. ನೀನು ಪಾಂಡವರ ಅಣ್ಣ, ನಮ್ಮ ಕಡೆ ಬಾ, ಎಂದ ಕೃಷ್ಣನಿಗೆ ಕರ್ಣ ಅಂಗರಾಜ್ಯದ ಮಾತು ಎತ್ತಿ ಸುಮ್ಮನಾಗಬಹುದಿತ್ತು. ಅವನು ನೆನೆಯುವುದು ಒಂದು ಪಗಡೆಯಾಟವನ್ನು. 'ನೆತ್ತಮನಾಡಿ ಭಾನುಮತಿ ಸೋಲ್ತೊಡೆ' ಎಂದು ಶುರುವಾಗುವ ಪದ್ಯದ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಬಹಳವಿದೆ. ಹೆಚ್ಚು ಜನ ಒಪ್ಪಿದ ಓದಿನಲ್ಲಿ, ಪಣ ಸೋತ ಭಾನುಮತಿಯನ್ನು ಕರ್ಣ ಕಾಡುತ್ತಿದ್ದಾಗ ಅವಳ ಹಾರ ಹರಿದು ಮುತ್ತು ಚೆದುರಿತು; ಅಲ್ಲಿಗೆ ಬಂದ ದುರ್ಯೋಧನ ಒಂದಿಷ್ಟೂ ಅನುಮಾನವಿಲ್ಲದೆ 'ಇವನ್ನು ಆಯ್ದುಕೊಡಲೇ ಹೇಳಿ' ಎಂದ. ಅಂಥವನನ್ನು ಬಿಟ್ಟು ನಿಮ್ಮೊಳಗೆ ಹೊಕ್ಕರೆ ನಾನು ಬೇಡನಲ್ಲವೇ, ಎನ್ನುತ್ತಾನೆ ಕರ್ಣ. ರಾಜ್ಯದ ಋಣವನ್ನು ರಾಜ್ಯ ಗೆದ್ದುಕೊಟ್ಟು ತೀರಿಸಬಹುದು. ಅನುಮಾನಪಡದೆ ನುಡಿದ ಆ ಒಂದು ಮಾತಿಗೆ ಪ್ರಾಣವೇ ಬೇಕಾಗುತ್ತದೆ.

ಸಾವಿನ ನಂತರದ ಅಂಕಣಗಳೂ ಇವೆ. ವ್ಯಾಸಭಾರತದಲ್ಲಿ ಬಿದ್ದ ಕರ್ಣನ ಮೈಯಿಂದ ಒಂದು ತೇಜಸ್ಸು ಎದ್ದು ಸೂರ್ಯನನ್ನು ಸೇರುತ್ತದೆ. ಅದು ನಡುವಿನ ಅಂಕಣ, ಅಪ್ಸರೆಯರಿಲ್ಲದ ಅಂಕಣ. ಪಂಪ ಆ ಸಂಜೆಯನ್ನು ಬರೆಯುವಾಗ ಬಾವುಟ ಇಳಿಸಿ, ರಥವನ್ನು ಹೆಳವ ಸಾರಥಿಯ ಕೈಗೆ ಬಿಟ್ಟು, ಮಗನ ಶೋಕದಲ್ಲಿ ಮೈಮರೆತು, ಸಾವಿನ ಸ್ನಾನಕ್ಕೆ 'ನೀರಿಳಿವಂತೆವೊಲ್' ಸೂರ್ಯ ಪಡುವಣ ಕಡಲಿಗೆ ಇಳಿದ ಎನ್ನುತ್ತಾನೆ. ವೀರಗಲ್ಲಿನ ನೆತ್ತಿಯ ಸೂರ್ಯನನ್ನು ಕಂಡವರಿಗೆ ಈ ಪದ್ಯ ಎದೆಗೆ ನಾಟುತ್ತದೆ. ಎಲ್ಲ ಕಲ್ಲುಗಳಲ್ಲೂ ಸೂರ್ಯ ಸಾಕ್ಷಿ. ತಾನಿರುವವರೆಗೆ ಈ ಕೀರ್ತಿ ನಿಲ್ಲಲಿ ಎಂದು ಮೇಲಿರುವವನು. ಕರ್ಣನ ಕಲ್ಲಿನಲ್ಲಿ ಆ ಸಾಕ್ಷಿಯೇ ತಂದೆ. ಅಲ್ಲಿ ನಿಲ್ಲಲಾರದೆ ಇಳಿದುಹೋಗುತ್ತಾನೆ.

ರನ್ನನದು ಇನ್ನೊಂದು ದಾರಿ. ಮುದುವೊಳಲಿನ ಬಳೆಗಾರರ ಮನೆಯ ಈ ಕವಿ ಕಲ್ಯಾಣದ ಚಾಲುಕ್ಯ ಸತ್ಯಾಶ್ರಯನಿಗಾಗಿ ಬರೆದ 'ಸಾಹಸಭೀಮವಿಜಯ'ದಲ್ಲಿ, ಎಂದರೆ 'ಗದಾಯುದ್ಧ'ದಲ್ಲಿ, ಭೀಮನೇ ನಾಯಕ. ಸತ್ಯಾಶ್ರಯನ ಬಿರುದು ಇರಿವಬೆಡಂಗ. ಕಲ್ಲುಗಳಲ್ಲಿ 'ಇಱಿದು ಸತ್ತಂ' ಎನ್ನುವಾಗ ಬರುವ 'ಇಱಿ' ಧಾತುವೇ ಆ ಬಿರುದಿನಲ್ಲೂ ಇದೆ. ಹತ್ತು ಆಶ್ವಾಸಗಳ ಈ ಕಾವ್ಯದಲ್ಲಿ ಓದುಗನ ಜೊತೆ ಉಳಿಯುವುದು ಮಾತ್ರ ದುರ್ಯೋಧನ, ಅದರಲ್ಲೂ ಅವನು ಸಂಜಯನ ಜೊತೆ ರಣರಂಗದಲ್ಲಿ ನಡೆದುಹೋಗುವ ಭಾಗ. ಭೀಷ್ಮನನ್ನು ಕಾಣಲು ಹೊರಟವನಿಗೆ ದಾರಿಯಲ್ಲಿ ಹೆಣಗಳು: ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಕರ್ಣ. ಒಂದೊಂದರ ಮುಂದೆಯೂ ನಿಲ್ಲುತ್ತಾನೆ, ನಾಲ್ಕು ಮಾತು ಆಡುತ್ತಾನೆ, ಮುಂದೆ ಹೋಗುತ್ತಾನೆ.

ಇದು ವೀರಗಲ್ಲುಗಳ ಸಾಲಿನ ಮುಂದೆ ನಡೆಯುವವನ ನಡಿಗೆ. ರನ್ನ ಬಳಸುವ ಛಂದಸ್ಸನ್ನೂ ನೋಡಿ. ಈ ಮಾತುಗಳಲ್ಲಿ ಮನಸ್ಸಿನಲ್ಲಿ ಉಳಿಯುವಂಥವು ಕಂದಪದ್ಯಗಳು: ನಾಲ್ಕು ಸಾಲು, 12, 20, 12, 20 ಮಾತ್ರೆ, ಒಟ್ಟು 64. ಒಂದು ಕಲ್ಲಿನ ಪಟ್ಟಿಯಲ್ಲಿ ಕೂರುವಷ್ಟೇ ಅಳತೆ. ಅಳುವುದಕ್ಕೆ ಉದ್ದನೆಯ ವೃತ್ತ ಅವನ ಕೈಯಲ್ಲಿತ್ತು. ಇಲ್ಲಿ ಅವನಿಗೆ ಬೇಕಾದದ್ದು ಕೆತ್ತಿದಂಥ ಮಾತು.

ಅಭಿಮನ್ಯು ಶತ್ರುವಿನ ಮಗ. ಅವನನ್ನು ಮುತ್ತಿ ಕೊಂದದ್ದು ಇವನದೇ ಪಡೆ. ಅವನ ಮುಂದೆ ದುರ್ಯೋಧನ ಬೇಡುವುದು, 'ನಿಜಸಾಹಸೈಕದೇಶಾನುಮರಣಮೆಮಗಕ್ಕೆ ಗಡಾ': ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ. ಕೊಂದವನು ಸತ್ತವನಲ್ಲಿ ವರ ಬೇಡುತ್ತಿದ್ದಾನೆ. ಅದರ ಬೆನ್ನಿಗೇ ಮಗನ ಹೆಣ. ಅಲ್ಲಿ ವೀರದ ಮಾತೇ ಇಲ್ಲ:

ಜನಕಂಗೆ ಜಲಾಂಜಲಿಯಂ
ತನೂಭವಂ ಕುಡುವುದುಚಿತಮದುಗೆಟ್ಟೀಗಳ್
ನಿನಗಾಂ ಕುಡುವಂತಾದುದೆ
ತನೂಜ ನೀಂ ಕ್ರಮವಿಪರ್ಯಯಂ ಮಾಡುವುದೇ

ತಂದೆಗೆ ಮಗ ನೀರು ಬಿಡಬೇಕಾದದ್ದು; ನಿನಗೆ ನಾನು ಬಿಡುವಂತಾಯಿತೇ, ಕ್ರಮವನ್ನೇ ತಿರುವುಮುರುವು ಮಾಡಿದೆಯಾ ಮಗನೇ? 'ಕ್ರಮವಿಪರ್ಯಯ' ಲೆಕ್ಕಪತ್ರದ ಪದದ ಹಾಗಿದೆ. ಆ ಒಣಪದವೇ ಪದ್ಯದ ಅತಿ ಹಸಿಯಾದ ಜಾಗ. ವೀರಗಲ್ಲಿನಲ್ಲಿ ತಂದೆ ಮಗನಿಗೆ ಕಲ್ಲು ನಿಲ್ಲಿಸಿದ ಎಂಬ ಸಾಲು ಕಂಡಾಗ ಈ ಕಂದವನ್ನು ನೆನೆಯದೆ ಇರಲಾಗುವುದಿಲ್ಲ.

ಕರ್ಣನ ಮುಂದೆ ನಿಂತಾಗ 'ಯಾರ ಮಗ' ಎಂಬ ಮನೆಯನ್ನು ರನ್ನ ಪಂಪನಿಗಿಂತ ಬೇರೆಯಾಗಿ ತುಂಬುತ್ತಾನೆ. ನಾನು ಬಲ್ಲೆ, ಪೃಥೆ (ಕುಂತಿ) ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, 'ನೀನಾರ್ಗೆಂದಾರುಮಱಿಯರಂಗಾಧಿಪತೀ'. ನೀನು ಯಾರ ಮಗನೆಂದು ಬೇರೆ ಯಾರೂ ಅರಿಯರು. ಕಲ್ಲಿನ ಮೇಲೆ ಬರೆಯಲಾಗದೆ ಉಳಿದ ಒಂದು ಹೆಸರನ್ನು ಅರಿತವರ ಪಟ್ಟಿ ಇದು. ದುರ್ಯೋಧನ ತನ್ನ ಹೆಸರನ್ನು ಮೊದಲು ಇಟ್ಟಿದ್ದಾನೆ. ಗೊತ್ತಿದ್ದೂ ಕರ್ಣನನ್ನು ಕಾಳಗಕ್ಕೆ ಕಳಿಸಿದೆ ಎಂಬ ತಪ್ಪೊಪ್ಪಿಗೆ ಅದರಲ್ಲಿದೆ; ತರಗತಿಯಲ್ಲಿ ಈ ಪದ್ಯವನ್ನು ಬರೀ ಗೆಳೆತನದ ಪದ್ಯವಾಗಿ ಪಾಠಮಾಡುವುದರಿಂದ ಅದು ಮುಚ್ಚಿಹೋಗುತ್ತದೆ.

ಮತ್ತೆ 'ಯಾತಕ್ಕೆ' ಎಂಬ ಮನೆ. ಭೀಷ್ಮ ಸಂಧಿಯ ಮಾತಾಡಿದಾಗ ದುರ್ಯೋಧನ ಅದಕ್ಕೆ ಉತ್ತರ ಕೊಟ್ಟುಬಿಡುತ್ತಾನೆ: 'ನೆಲಕಿಱಿವೆನೆಂದು ಬಗೆದಿರೆ ಚಲಕಿಱಿವೆಂ'. ನೆಲಕ್ಕಾಗಿ ಇರಿಯುತ್ತೇನೆಂದು ಬಗೆದಿರಾ, ನಾನು ಇರಿಯುವುದು ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ. ತುರು, ಊರು, ಹೆಣ್ಣಿನ ಮೊರೆ, ಒಡೆಯನ ಮಾತು ಇವೆಲ್ಲ ಸಾವಿರಾರು ಕಲ್ಲುಗಳಲ್ಲಿ ಬರುವ ಕಾರಣಗಳು. ಛಲವೆಂಬ ಕಾರಣಕ್ಕೆ ಕಲ್ನಾಡು ಕೊಡುವವರು ಯಾರೂ ಇಲ್ಲ, ಅದರಿಂದ ಯಾರ ದನವೂ ಹಿಂದಿರುಗುವುದಿಲ್ಲ. ವೀರಗಲ್ಲಿನ ಲೆಕ್ಕದಲ್ಲಿ ಇದು ಖಾಲಿ ಮನೆ. ರನ್ನನ ಕಾವ್ಯದ ದುರಂತ ಆ ಖಾಲಿತನದಲ್ಲಿದೆ. ಮೇಲಿನ ಅಂಕಣ ಮಾತ್ರ ಅವನಿಗೂ ಸಿಕ್ಕಿತು: ವ್ಯಾಸಭಾರತದ ಸ್ವರ್ಗಾರೋಹಣ ಪರ್ವದಲ್ಲಿ ಯುಧಿಷ್ಠಿರ ಸ್ವರ್ಗಕ್ಕೆ ಹೋದಾಗ ಮೊದಲು ಕಾಣುವುದು ಅಲ್ಲಿ ಬೆಳಗುತ್ತ ಕುಳಿತ ದುರ್ಯೋಧನನನ್ನು. ರಣದಲ್ಲಿ ಮೈಯನ್ನು ಆಹುತಿ ಕೊಟ್ಟವನಿಗೆ ವೀರಲೋಕ, ಎಂದು ನಾರದ ಸಮಾಧಾನ ಹೇಳಬೇಕಾಗುತ್ತದೆ.

ಎಲ್ಲ ಸಾವುಗಳೂ ಕಾಳಗದವಲ್ಲ. ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗರ ನೀತಿಮಾರ್ಗ ಮಂಚದ ಮೇಲೆ ಸಾಯುತ್ತಿದ್ದಾನೆ. ಅವನ ಮನೆಮಗನಾದ ಅಗರಯ್ಯ ಅವನಿಗೆ ಕೀೞ್ಗುಂಠೆಯಾದ ಎಂದು ಬರಹ. ಒಡೆಯನ ಕೆಳಗೆ ತಾನೂ ಮಣ್ಣಾಗುವುದು ಎಂದು ವಿದ್ವಾಂಸರು ಅರ್ಥಮಾಡಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಗರುಡಗಂಬದಲ್ಲಿ ಇಮ್ಮಡಿ ವೀರಬಲ್ಲಾಳನ ಗರುಡನಾದ, ಎಂದರೆ ಒಡೆಯನೊಡನೆ ಸಾಯುವ ವ್ರತ ತೊಟ್ಟ, ಕುವರಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವರ ಲೆಂಕರ ಆತ್ಮಾರ್ಪಣೆ ಇದೆ. ಕಂಬದ ಸುತ್ತಲ ಆಳುಗಳು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಇವನ್ನು ಓದುವಾಗ ಮೈ ನಡುಗದಿದ್ದರೆ ನಾವು ಸರಿಯಾಗಿ ಓದುತ್ತಿಲ್ಲ.

ಗಂಡ ಸತ್ತಾಗ ಬೆಂಕಿಗೆ ಬಿದ್ದ ಹೆಂಗಸಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳನ್ನಂತೂ ಗುರುತಿಸಿ, ವೈಭವೀಕರಿಸಬೇಡಿ. ಕಂಬದಿಂದ ಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿದ ಬಲಗೈ, ಬಳೆಗಳು, ಬೆರಳ ನಡುವೆ ನಿಂಬೆಹಣ್ಣು ಇವು ಗುರುತು. ಹೆಚ್ಚಿನವುಗಳಲ್ಲಿ ಆ ಹೆಂಗಸಿನ ಬಾಯಿಂದ ಒಂದು ಮಾತೂ ಇಲ್ಲ. 1057ರ ಬೆಳತೂರಿನ ದೇಕಬ್ಬೆಯ ಶಾಸನ ಅದಕ್ಕೆ ಹೊರತು. ಗಂಡ ಏಚನನ್ನು ಅರಸ ಕೊಲ್ಲಿಸಿದ ಸುದ್ದಿ ಕೇಳಿ ಬೆಂಕಿಗೆ ಹೊರಟವಳನ್ನು ಹೆತ್ತವರು, ಬಂಧುಗಳು ತಡೆಯುತ್ತಾರೆ. ಅವಳು ಉತ್ತರ ಕೊಡುತ್ತಾಳೆ. ತಡೆದವರಿದ್ದರು ಎಂಬುದು ಅಲ್ಲಿ ದಾಖಲಾಗಿದೆ. ಈ ಪದ್ಧತಿಯ ಬಗ್ಗೆ ಬರೆಯುವಾಗ ಆ ತಡೆದವರನ್ನು ಮರೆಯಬಾರದು.

ಕೊನೆಗೆ ಈ ಕಲ್ಲುಗಳು ಹಾಳಾಗುವ ಬಗೆ. ಗುಡಿಯ ಜೀರ್ಣೋದ್ಧಾರದಲ್ಲಿ ನೆಲಕ್ಕೆ ಕಾಂಕ್ರೀಟು ಹಾಕುವಾಗ ಮೊದಲು ಹೂತುಹೋಗುವುದು ಕೆಳಗಿನ ಅಂಕಣ. ದನ, ಶತ್ರು, ಕಾಳಗ, ಕೆಳಪಟ್ಟಿಯಲ್ಲಿರಬಹುದಾದ ಹೆಸರು ಎಲ್ಲವೂ ಅದರೊಳಗೆ. ಉಳಿಯುವುದು ಲಿಂಗ, ಬಸವ, ಕೈಮುಗಿದವ. ಆಮೇಲೆ ಅದು ದೇವರ ಕಲ್ಲೇ ಆಗಿಬಿಡುತ್ತದೆ. ಎಣ್ಣೆಯ ಮೇಲೆ ಧೂಳು ಕೂತು ಗಟ್ಟಿಯಾದ ಕರಿಪದರ ಅಕ್ಷರದ ತಗ್ಗನ್ನು ತುಂಬುತ್ತದೆ. ಅದನ್ನು ತೆಗೆಯಲು ಆಸಿಡ್ ಹಾಕಿದರೆ ಮೈ ಸುಲಿಯುತ್ತದೆ. ಹೊಯ್ಸಳ ನಾಡಿನ ಮೆದು ಬಳಪದ ಕಲ್ಲಿಗೆ ಅದರಿಂದ ಹಾನಿ ಬೇಗ. ಎನಾಮಲ್ ಬಣ್ಣ ಬಳಿದರೆ ಕಲ್ಲಿನೊಳಗಿನ ತೇವ ಹೊರಬರಲಾರದೆ ಬಣ್ಣದೊಂದಿಗೆ ಮೇಲ್ಮೈಯೂ ಚಕ್ಕೆಯೇಳುತ್ತದೆ. ಕಲ್ಲನ್ನು ಇದ್ದ ಜಾಗದಿಂದ ಎತ್ತಿ ತಂದು ಸಾಲಾಗಿ ನಿಲ್ಲಿಸುವುದು ಅಂದವಾಗಿ ಕಾಣಬಹುದು. ಆದರೆ ತುರುಗೋಳಿನ ಕಲ್ಲು ಊರ ಯಾವ ದಿಕ್ಕಿನಲ್ಲಿತ್ತು ಎಂಬ ಸುಳಿವು ಅಲ್ಲಿಗೆ ಹೋಯಿತು. ಸರಿಸಲೇಬೇಕಾದರೆ ಮೊದಲು ಜಾಗದ ಫೋಟೊ, ಮುಖಮಾಡಿದ ದಿಕ್ಕು, ಜಿಪಿಎಸ್ ಗುರುತು, ಎತ್ತರ ಅಗಲ ಬರೆದಿಡಿ. ಕಲ್ಲಿನ ಬರಹ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಆ ತಾಲೂಕಿನ ಪಟ್ಟಿಯಲ್ಲಿದೆಯೇ ನೋಡಿ. ಬೆಂಗಳೂರಿನ ಸುತ್ತಮುತ್ತ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲಿನ ಮೇಲೆ ಅನುಮತಿಯಿಲ್ಲದೆ ಕಾಗದ ಹಚ್ಚಿ ಪಡಿಯಚ್ಚು ತೆಗೆಯಬೇಡಿ.

ಕಲ್ಲು ಒಂದು ದಿನ ಅನಾಥವಾಗುತ್ತದೆ ಎಂಬುದು ನಿಲ್ಲಿಸಿದವರಿಗೇ ತಿಳಿದಿತ್ತು. ಆತಕೂರಿನ ಬರಹದ ಕೊನೆಯಲ್ಲಿ ಅದಕ್ಕೊಂದು ಏರ್ಪಾಡಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಆ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಗೆಯ್ದ ಪಾಪ ಅವನಿಗೆ.